ಅಳಿಸದ ತೊಂಬತ್ತೇಳು

2022ರಲ್ಲಿ ನಾನು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಂಪನಿಯಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ನಾಡಿ, ಆಕ್ಸಿಜನ್ ತೋರಿಸುವ ಮಾನಿಟರ್‌ಗಳನ್ನು ತಯಾರಿಸುತ್ತಿದ್ದೆವು. ಅದರ ಪರದೆಯ ಮೇಲೆ ಅಂಕಿ ಮೂಡಿಸುವ ಪ್ರೋಗ್ರಾಂ, ಅಂದರೆ ಗ್ರಾಫಿಕ್ಸ್ ಲೈಬ್ರರಿ, ನನ್ನದು. ಹನ್ನೊಂದು ವರ್ಷ ಅದೊಂದನ್ನೇ ತಿದ್ದಿ ತೀಡಿದ್ದೆ.

ಚಿಪ್‌ನ ಮೆಮೊರಿ ಬರೀ ಮೂವತ್ತೆರಡು ಕೆಬಿ. ನಿಮ್ಮ ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಹಾಗಾಗಿ ಒಂದು ನಿಯಮ ಮಾಡಿದ್ದೆ: ಬದಲಾದ ಅಂಕಿಯನ್ನು ಮಾತ್ರ ಮತ್ತೆ ಬರೆಯಬೇಕು, ಬದಲಾಗದ್ದನ್ನು ಮುಟ್ಟಬಾರದು. ಅಂಕಿಗಳನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ನಾನೇ ಬರೆದಿದ್ದೆ. ದೂರದಿಂದ ನೋಡುವ ನರ್ಸ್‌ಗೆ 1 ಎಂದು ಕಾಣದಿರಲೆಂದು 7ರ ನಡುವೆ ಅಡ್ಡಗೆರೆ ಎಳೆದಿದ್ದೆ. ಜಂಬವಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಕಂಪನಿ ದೊಡ್ಡ ಮೆಮೊರಿಯ ಚಿಪ್‌ಗೆ ಬದಲಾಯಿತು. ಅದಕ್ಕೆ ನನ್ನ ಲೈಬ್ರರಿ ಬೇಕಿರಲಿಲ್ಲ. ನನ್ನ ಲೈಬ್ರರಿಯ ಭವಿಷ್ಯವೇನು ಎಂದು ಮೀಟಿಂಗ್ ಕರೆದರು.

"ಡಿಲೀಟ್ ಮಾಡೋಣ ಮೇಡಂ. ಇನ್ನು ಯಾರು ನೋಡ್ಕೋತಾರೆ?" ಎಂದರು ಮ್ಯಾನೇಜರ್ ರವಿ.

"ಬೇಡ ರೀ, ಇಂಟರ್‌ನೆಟ್‌ನಲ್ಲಿ ಫ್ರೀಯಾಗಿ ಹಾಕ್ಬಿಡಿ. ಯಾರಾದ್ರೂ ಬಳಸ್ಕೊಳ್ಳಲಿ, ಬದುಕಿರುತ್ತೆ" ಎಂದು ಗೋಗರೆದೆ. ಹಾಕಿದರು. ಯಾರ್ಯಾರೋ ಇಳಿಸಿಕೊಂಡರು. ಮೊಮ್ಮಗುವನ್ನು ಕಂಡವಳಂತೆ ಹಿಗ್ಗಿದೆ.

ಕೆಲವೇ ತಿಂಗಳಲ್ಲಿ ಒಂದು ಆಸ್ಪತ್ರೆಯಿಂದ ಕರೆ ಬಂತು. ನಮ್ಮ ಹಳೆಯ ಮಾನಿಟರ್ ಹಾಕಿದ್ದ ಒಬ್ಬ ಹಿರಿಯರ ಬೆರಳಿಗೆ ಸಿಕ್ಕಿಸಿದ್ದ, ಆಕ್ಸಿಜನ್ ಅಳೆಯುವ ಕ್ಲಿಪ್ ಜಾರಿ ಬಿದ್ದಿತ್ತು. ಕ್ಲಿಪ್‌ನಿಂದ ಹೊಸ ಅಂಕಿ ಬರಲಿಲ್ಲ. ಬರದಿದ್ದುದನ್ನು ನನ್ನ ಲೈಬ್ರರಿ 'ಬದಲಾಗಿಲ್ಲ' ಎಂದು ತಿಳಿಯಿತು. ಪರದೆಯ ಮೇಲೆ ಆಕ್ಸಿಜನ್ 97 ನೆಮ್ಮದಿಯಾಗಿ ನಿಂತಿತ್ತು. ಅಲಾರಂ ಕೂಡ ಅದೇ ಅಂಕಿಯನ್ನು ನೋಡುವುದರಿಂದ ಕೂಗಲಿಲ್ಲ. ಆ ಹಿರಿಯರು ಉಳಿಯಲಿಲ್ಲ. ಕ್ಲಿಪ್ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದವನ್ನು ನಾನು ಇವತ್ತಿಗೂ ನಂಬಿಲ್ಲ.

ಸರಿಪಡಿಸಲು ನಾಲ್ಕು ಸಾಲು ಕೋಡ್ ಸಾಕಾಯಿತು. ಎರಡು ಸೆಕೆಂಡಿನೊಳಗೆ ಹೊಸ ಅಂಕಿ ಬರದಿದ್ದರೆ ಹಳೆಯದನ್ನು ಅಳಿಸಿ ಗೆರೆ ಎಳೆದು ಅಲಾರಂ ಕೂಗಿಸಬೇಕು, ಅಷ್ಟೆ. ಹನ್ನೊಂದು ವರ್ಷದಲ್ಲಿ ಆ ನಾಲ್ಕು ಸಾಲು ನನಗೆ ಹೊಳೆದಿರಲಿಲ್ಲ. ನಮ್ಮ ಮಾನಿಟರ್‌ಗಳನ್ನೆಲ್ಲ ಹುಡುಕಿ ಸರಿಮಾಡಿದೆವು. ಆದರೆ ಫ್ರೀಯಾಗಿ ಇಳಿಸಿಕೊಂಡವರು? ಅವರ ಹೆಸರು, ವಿಳಾಸ ಯಾವುದೂ ನಮ್ಮಲ್ಲಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಕೆಂಪಕ್ಷರದ ಎಚ್ಚರಿಕೆ ಹಾಕಿದೆ. ಒಮ್ಮೆ ಇಳಿಸಿಕೊಂಡವರು ಮತ್ತೆ ಅತ್ತ ಯಾಕೆ ತಲೆ ಹಾಕುತ್ತಾರೆ?

ಕೇಳಿ ಕೇಳಿ ಒಬ್ಬರನ್ನು ಪತ್ತೆ ಹಚ್ಚಿದೆ. ಕೆ.ಆರ್. ಪುರದಲ್ಲಿ ಅಗ್ಗದ ಮಾನಿಟರ್ ಜೋಡಿಸುವ ಯೂನಿಟ್‌ನ ಮಾಲೀಕರು. ಕಾಫಿ ತರಿಸಿದರು, ಪೂರ್ತಿ ಕೇಳಿಸಿಕೊಂಡರು.

"ಓಡ್ತಿರೋ ಮಿಷಿನ್ನ ಯಾಕ್ ಮೇಡಂ ಮುಟ್ಟೋದು? ಮತ್ತೆ ಟೆಸ್ಟಿಂಗು, ಮತ್ತೆ ಸರ್ಟಿಫಿಕೇಟು. ನಮ್ಗೆ ಒಂದ್ ಕಂಪ್ಲೇಂಟೂ ಬಂದಿಲ್ಲ."

"ತಪ್ಪು ಅಂಕಿ ತೋರಿಸಿದ್ರೆ ಕಂಪ್ಲೇಂಟ್ ಮಾಡೋಕೆ ಪೇಷಂಟ್ ಇರಲ್ಲ ಸರ್."

ಅವರು ನಕ್ಕುಬಿಟ್ಟರು. ನಾನು ಕಾಫಿ ಮುಟ್ಟದೆ ಎದ್ದು ಬಂದೆ.

ಕಳೆದ ವರ್ಷ, ನಾನು ನಿವೃತ್ತಳಾದ ಮೇಲೆ, ಅಮ್ಮನಿಗೆ ಶ್ವಾಸಕೋಶದ ಸೋಂಕಾಯಿತು. ಜೀವನ್ ಬಿಮಾ ನಗರದ ನಮ್ಮ ಮನೆಯಿಂದ ಹಲಸೂರಿನ ನರ್ಸಿಂಗ್ ಹೋಂಗೆ ಸೇರಿಸಿದೆ. ಮಧ್ಯಾಹ್ನ ವಾರ್ಡಿಗೆ ಹೋದರೆ ಹಾಸಿಗೆ ಪಕ್ಕದಲ್ಲಿ ಹೆಸರು ಕೇಳದ ಕಂಪನಿಯ ಮಾನಿಟರ್. ಆಕ್ಸಿಜನ್ 97. ಏಳರ ನಡುವೆ ಅಡ್ಡಗೆರೆ.

ಅಮ್ಮನ ಬೆರಳಿನಿಂದ ಕ್ಲಿಪ್ ತೆಗೆದೆ.

"ಯಾಕ್ ಮೇಡಂ, ನಂಬರ್ ಚೆನ್ನಾಗೇ ಇದ್ಯಲ್ಲ?" ಎಂದು ವಾರ್ಡಿನ ನರ್ಸ್ ಮೇರಿ ಸಿಸ್ಟರ್ ಓಡಿ ಬಂದರು. ನಾನು ಕ್ಲಿಪ್ ಎತ್ತಿ ತೋರಿಸಿದೆ. ಅವರು ಪರದೆ ನೋಡಿದರು. 97. ಇಬ್ಬರೂ ಒಂದು ನಿಮಿಷ ನಿಂತೆವು. 97.

"ಅಯ್ಯೋ ಜೀಸಸ್! ಎಷ್ಟೊತ್ತು ಹಿಂಗೇ ಇರುತ್ತೆ?"

"ಕರೆಂಟ್ ಇರೋವರ್ಗೂ ಸಿಸ್ಟರ್."

ಡಾಕ್ಟರಿಗೂ ಹೇಳಿದೆ. ಬೇರೆ ಮಿಷಿನ್ ತರಿಸುತ್ತೇವೆ ಎಂದರು. ನಾನಿದ್ದಷ್ಟು ದಿನವೂ ತರಿಸಲಿಲ್ಲ.

ಮಾಡಿದ ಕೆಲಸ ನಮ್ಮ ಕಾಲದ ನಂತರವೂ ಉಳಿಯಬೇಕೆಂದು ನಾವೆಲ್ಲ ಆಸೆಪಡುತ್ತೇವೆ. ಆದರೆ ಅದನ್ನು ನಿಲ್ಲಿಸುವುದು ಹೇಗೆಂದು ತಿಳಿಯದೆ ಹೊರಗೆ ಬಿಡಬಾರದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಆವತ್ತು ರವಿ ಡಿಲೀಟ್ ಮಾಡಲು ಹೊರಟಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ನಾಲ್ಕು ದಿನ ಅಮ್ಮನ ಕೈ ಬಿಡದೆ, ಉಸಿರು ನೋಡುತ್ತಾ ಕೂತಿದ್ದೆ. ಅಮ್ಮ ಮನೆಗೆ ಬಂದಳು. ಆ ವಾರ್ಡಿನಲ್ಲಿ ಅಂಥದೇ ಇನ್ನೂ ಐದು ಮಾನಿಟರ್‌ಗಳಿದ್ದವು; ಅವನ್ನೂ ಡಾಕ್ಟರಿಗೆ ತೋರಿಸಿದ್ದೆ. ಆ ಹಾಸಿಗೆಗಳ ಪಕ್ಕದಲ್ಲಿ ಕೂತವರೆಲ್ಲ ನನ್ನ ಅಂಕಿಗಳನ್ನು ನೋಡಿ ಸಮಾಧಾನವಾಗಿದ್ದರು.