ನೀರೊಳಗೆ ನಿಂತ ಗೊಬ್ಬಳಿ

ನಾನು ಚಿಕ್ಕವಳಿದ್ದಾಗ, ಸಂತೆಬಾಚಹಳ್ಳಿ ಕಡೆಯ ನಮ್ಮೂರಿನಲ್ಲಿ ನೇಗಿಲು ಮಾಡುತ್ತಿದ್ದವರು ನಮ್ಮ ಅಪ್ಪ ಒಬ್ಬರೇ. ಮುಂಗಾರಿನ ಒಂದು ಬೆಳಗ್ಗೆ, ಅಂಗಳವೆಲ್ಲ ಹಸಿ ಮಣ್ಣಿನ ವಾಸನೆ ಬರುತ್ತಿರುವಾಗ, ಮೇಲಿನ ಬೀದಿಯ ಗೌಡಜ್ಜ ಮುರಿದ ನೇಗಿಲು ಹೊತ್ತು ಬಂದರು.

"ಕಲ್ಲಿಗೆ ಸಿಕ್ಕಿ ಮುರ್ದೋಯ್ತು ಆಚಾರ್ರೇ. ನಾಳೀಕೆ ಉಳ್ದೇ ಓದ್ರೆ ಹದ ಆರೋಯ್ತದೆ."

ಅವರಿಗಿದ್ದದ್ದು ಅದೊಂದೇ ನೇಗಿಲು. ಮಣ್ಣಿನ ಹದ ಆರಿದರೆ ಬಿತ್ತನೆ ಇಲ್ಲ, ಬಿತ್ತದಿದ್ದರೆ ಆ ವರ್ಷ ಅವರ ಮನೆಯಲ್ಲಿ ರಾಗಿ ಇಲ್ಲ.

ನೇಗಿಲಿಗೆ ಗೊಬ್ಬಳಿಯೇ ಆಗಬೇಕು. ಕರಿಜಾಲಿ ಅನ್ನುತ್ತಾರಲ್ಲ, ಅದೇ. ಮರ ಕಡಿಯುವ ಮುಂಚೆ ಅದಕ್ಕೆ ಕುಂಕುಮವಿಟ್ಟು ಅಪ್ಪಣೆ ಕೇಳುವುದು ನಮ್ಮ ಮನೆಯ ಪದ್ಧತಿ. ಅದು ಯಾವಾಗಲೂ ಅಕ್ಕನ ಕೆಲಸ. ಅವತ್ತು ಅಕ್ಕನಿಗೆ ಜ್ವರ. ಅಪ್ಪ ಕೊಡಲಿ ಮಸೆಯುತ್ತಲೇ ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟರು. "ಓಗವ್ವ, ಕಪ್ಪು ತೊಗಟೆ ಗೊಬ್ಬಳಿ ನೋಡಿ ಕುಂಕ್ಮ ಇಟ್ಟಿರು, ಬತ್ತೀನಿ" ಎಂದರು.

ಊರ ಮುಂದಿನ ಕೆಮ್ಮಣ್ಣಿನ ದಿಣ್ಣೆಯ ಮೇಲೆ ಮುಳ್ಳಿನ ಮರವೊಂದು ಮಳೆಗೆ ನೆನೆದು ಕಪ್ಪಗೆ ನಿಂತಿತ್ತು. ನಾನು ಅದಕ್ಕೆ ಬಟ್ಟಲು ಖಾಲಿಯಾಗುವಷ್ಟು ಕುಂಕುಮ ಬಳಿದು, ಕೈ ಮುಗಿದು, ಹೆಮ್ಮೆಯಿಂದ ಕಾದೆ. ಅಪ್ಪ ಗೌಡಜ್ಜನ ಜೊತೆ ಬಂದು ತೊಗಟೆಯನ್ನು ಉಗುರಿನಲ್ಲಿ ಕೆರೆದರು. ಒಳಗೆ ಬಿಳುಪು.

"ಇದು ಬಿಳಿಜಾಲಿ ಕಣವ್ವ."

ಗೌಡಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಮ್ನೆ ನಿಂತಿದ್ ಮರುಕ್ಕೆ ನಿಮ್ ಕೂಸು ಮದ್ವೆ ಮಾಡ್ಬುಟ್ಟದಲ್ಲಾ ಆಚಾರ್ರೇ!"

ನನಗೆ ಅಳುವೇ ಬಂತು. ಅಪ್ಪ ಮಾತ್ರ ನಗಲಿಲ್ಲ. ಮರಕ್ಕೆ ಕೈ ಮುಗಿದು "ತಪ್ಪಾಯ್ತು ತಾಯಿ, ಕರ್ದಿದ್ದು ನಿನ್ನಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೆಂದ್ರೆ ಎಲ್ಲಾ ಮರಾನೂ ಕಪ್ಪೇ. ನಿಂತಿರೋ ಜಾಗ ನೋಡು. ಇದು ಒಣದಿಣ್ಣೇಲಿ ಬಾಳೋ ಮರ. ಗೊಬ್ಬಳೀಗೆ ಕೆರೆ ಮಣ್ಣೇ ಆಗ್ಬೇಕು."

ಕೆರೆಗೆ ಹೋದೆವು. ಅಬ್ಬಾ, ಆ ಮರ! ಹೊಸ ನೀರು ಅದರ ಬುಡ ಮುಳುಗಿಸಿತ್ತು. ಮೈತುಂಬ ಹಳದಿ ಗುಂಡು ಹೂ. ಉದುರಿದ ಹೂಗಳು ನೀರಿನ ಮೇಲೆ ತೇಲುತ್ತಿದ್ದವು. ಮಣಿ ಪೋಣಿಸಿದ ಹಾಗೆ ಹಳೆಯ ಕಾಯಿಗಳು. ನೀರಿನ ಮೇಲೆ ಚಾಚಿದ ದೊಡ್ಡ ಕೊಂಬೆಯಿಂದ ಗೀಜುಗನ ಗೂಡುಗಳು ತೂಗಾಡುತ್ತಿದ್ದವು. ಎಣಿಸುತ್ತ ಎಣಿಸುತ್ತ ನನಗೆ ಲೆಕ್ಕವೇ ತಪ್ಪಿತು. ಒಂದು ಹಕ್ಕಿ ಹಸಿರು ಎಳೆಯೊಂದನ್ನು ಒಳಗೆ ತೂರಿಸಿ, ಹೊರಗೆಳೆದು, ಗಂಟು ಹಾಕುತ್ತಿತ್ತು.

"ನಂಗೆ ಉಳಿ ಬೇಕು, ಬಾಚಿ ಬೇಕು. ಅದ್ಕೆ ಕೊಕ್ಕೊಂದೇ ನೋಡು" ಎಂದರು ಅಪ್ಪ. ಅವರು ಇನ್ನೊಬ್ಬರ ಕೆಲಸವನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದರೆ ನೇಗಿಲಿಗೆ ಬೇಕಾದ ಬಾಗು ಇದ್ದದ್ದು ಆ ಗೂಡಿನ ಕೊಂಬೆಯಲ್ಲೇ. ಅಪ್ಪ ಕೊಡಲಿ ಕೆಳಗಿಟ್ಟು ಗೌಡಜ್ಜನ ಮುಖ ನೋಡಿದರು. ಗೌಡಜ್ಜ ತಲೆಯೆತ್ತಿ ಗೂಡುಗಳನ್ನು ನೋಡಿದರು.

"ಆ ಕೊಂಬೆ ಬುಟ್ಬುಡಿ ಆಚಾರ್ರೇ. ಬೇರೆದ್ರಲ್ಲಿ ಏನಾರಾ ಮಾಡಕಾಯ್ತದಾ?"

ಅಪ್ಪ ಬಟ್ಟಲಿಗೆ ಅಂಟಿದ್ದ ಕುಂಕುಮವನ್ನೇ ಒರೆಸಿ ಮರಕ್ಕಿಟ್ಟು, ದಡದ ಕಡೆಯ ನೆಟ್ಟನೆಯ ಕೊಂಬೆ ಕಡಿದರು. ಸಂಜೆಯವರೆಗೂ ಕೆತ್ತಿ, ಎರಡು ತುಂಡು ಸೇರಿಸಿ, ಬೆಣೆ ಬಡಿದು ಬಾಗು ತಂದರು. ತಾನಾಗಿ ಬಾಗಿದ ಒಂದೇ ಕೊಂಬೆಯದಷ್ಟು ಗಟ್ಟಿಯಲ್ಲವೆಂದು, ಜೋಡಿಸಿದ ನೇಗಿಲು ಅವರ ಕೈಯಿಂದ ಹಿಂದೆಂದೂ ಆಚೆ ಹೋಗಿರಲಿಲ್ಲ. ಮಾರನೆಯ ದಿನ ಗೌಡಜ್ಜ ಉಳುವಾಗ ಅಪ್ಪ ಊಟಕ್ಕೂ ಬರದೆ ಬದುವಿನ ಮೇಲೆ ನಿಂತಿದ್ದರು. ನೇಗಿಲು ತಾಳಿಕೊಂಡಿತು. ಸುಗ್ಗಿಯಲ್ಲಿ ಗೌಡಜ್ಜ ಕಳಿಸಿದ ಹೊಸ ರಾಗಿಯ ಮುದ್ದೆ ಉಂಡ ನೆನಪು ನನಗೆ ಇನ್ನೂ ಇದೆ.

ಮಕ್ಕಳೇ, ಈಗ ನಿಮ್ಮ ಕಾಲದಲ್ಲಿ ಟ್ರಾಕ್ಟರು ಬಂದು ಗಳಿಗೆಯಲ್ಲಿ ಹೊಲ ಉತ್ತು ಹೋಗುತ್ತದೆ. ನೇಗಿಲಿಗಾಗಿ ಯಾರೂ ಗೊಬ್ಬಳಿ ಹುಡುಕುವುದಿಲ್ಲ. ಎಲ್ಲರಿಗೂ ಬೇಕಾಗಿದ್ದಾಗ ಒಂದೊಂದು ಕೆರೆಗೂ ಹತ್ತು ಮರ ಇದ್ದವು. ಯಾರಿಗೂ ಬೇಡವಾದ ಮೇಲೆ ಒಂದು ಸಿಗುವುದೂ ಕಷ್ಟ. ಹೋದ ಭಾನುವಾರ ನಿಮ್ಮನ್ನು ಮೂರು ಕೆರೆ ಸುತ್ತಿಸಿದೆ. ಕಾಲು ನೋವು ಅಂತ ದಾರಿಯುದ್ದಕ್ಕೂ ಗೊಣಗಿದವರು ನೀವೇ. ಮರ ಸಿಕ್ಕ ಮೇಲೆ, ನಿಮ್ಮನ್ನು ಅದರ ಕೆಳಗಿನಿಂದ ಎಬ್ಬಿಸಿ ಮನೆಗೆ ಹೊರಡಿಸಲು ನನಗೆ ಕೂಗಿ ಕೂಗಿ ಗಂಟಲು ಒಣಗಿತು.