ಸಸ್ಪೆನ್ಸಿಗೆ ಹಾಕಿದ ಅರಕಲಗೂಡು

ಬಿ.ಕಾಂ. ಓದಿದಷ್ಟು ಕಾಲವೂ ನನ್ನ ಟ್ರಯಲ್ ಬ್ಯಾಲೆನ್ಸ್ ಒಮ್ಮೆಯಾದರೂ ಮೊದಲ ಪ್ರಯತ್ನಕ್ಕೆ ಟ್ಯಾಲಿಯಾಗಲಿಲ್ಲ. ಈಗ ಹಾಸನದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತಿರುವುದರಿಂದ ಈ ವಿಷಯ ನಮ್ಮ ನಮ್ಮಲ್ಲೇ ಇರಲಿ. ಕಾಮರ್ಸ್ ಓದದ ಪುಣ್ಯವಂತರಿಗಾಗಿ ಹೇಳುತ್ತೇನೆ: ಅಲ್ಲಿ ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ಪ್ರತಿ ವ್ಯವಹಾರವನ್ನೂ ಎರಡೂ ಕಡೆ ಬರೆಯಬೇಕು, ಕೊನೆಗೆ ಎರಡೂ ಮೊತ್ತ ಒಂದೇ ಆಗಬೇಕು. ಹೊಳೆನರಸೀಪುರದ ನಮ್ಮ ತರಗತಿಯಲ್ಲಿ ಟ್ಯಾಲಿಯಾದವರು ಪೆನ್ನಿನ ಮುಚ್ಚಳವನ್ನು ಟಕ್ ಎಂದು ಹಾಕಿ ಕಿಟಕಿಯ ಆಚೆ ನೋಡುವುದು ರೂಢಿ. ಎಲ್ಲ ಬೆಂಚುಗಳಿಂದಲೂ ಟಕ್ ಟಕ್ ಕೇಳಿಸುತ್ತಿತ್ತು. ನನ್ನ ಪೆನ್ನಿನ ಮುಚ್ಚಳ ಮಾತ್ರ ಕೊನೆಯವರೆಗೂ ಹೊಸದರಂತೆಯೇ ಉಳಿಯಿತು.

ಒಂದು ದಿನ ಪುಸ್ತಕದ ಮೇಲೆ ಕಣ್ಣೀರು ಬಿದ್ದು ಕ್ರೆಡಿಟ್ ಕಡೆಯ ಅಂಕಿಗಳು ಕದಡಿದವು. ಅದರಿಂದ ಲೆಕ್ಕಕ್ಕೆ ಹೊಸದಾಗಿ ನಷ್ಟವೇನೂ ಆಗಲಿಲ್ಲ. ಚನ್ನರಾಯಪಟ್ಟಣದಿಂದ ಬರುತ್ತಿದ್ದ ನಮ್ಮ ಅಕೌಂಟ್ಸ್ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು.

"ಅಳ್ಬ್ಯಾಡ ಕಣವ್ವ. ಎಷ್ಟು ಯತ್ಯಾಸ ಬತ್ತದೋ ಅಷ್ಟನ್ನ ಸಸ್ಪೆನ್ಸ್ ಅಕೌಂಟಿಗೆ ಆಕ್ಬುಟ್ಟು ಮುಂದುಕ್ಕೋಗು. ತಪ್ಪು ಸಿಕ್ದಾಗ ಸರಿ ಮಾಡಿದ್ರಾಯ್ತು."

ಇಷ್ಟು ಕರುಣೆಯುಳ್ಳ ಶಾಸ್ತ್ರ ಇನ್ನೊಂದಿಲ್ಲ ಎಂದು ನನಗೆ ಆವತ್ತು ಅನ್ನಿಸಿತು. ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ವ್ಯಾಪಾರಿಗಳು ಬೆಳೆಸಿದರೆಂದು ಪಠ್ಯಪುಸ್ತಕ ಹೇಳುತ್ತದೆ. ಇರಬಹುದು. ಆದರೆ ಸಸ್ಪೆನ್ಸ್ ಅಕೌಂಟನ್ನು ಕಂಡುಹಿಡಿದವರು ನಮ್ಮ ಕಡೆಯವರೇ ಎಂಬುದು ನನ್ನ ಗುಮಾನಿ. ಹೂಂ ಎನ್ನಲೂ ಆಗದ, ಊಹೂಂ ಎನ್ನಲೂ ಆಗದ ಯಾವುದೇ ಮಾತಿಗೆ ನಮ್ಮವರು "ನೋಡಾಣ ಬುಡಿ" ಎನ್ನುತ್ತಾರಲ್ಲ, ಅದು ಇನ್ನೇನು?

ಮನೆಯಲ್ಲಿ ಈ ಪದ ಬೇಗ ಒಗ್ಗಿಕೊಂಡಿತು. ಗೃಹಪ್ರವೇಶದ ಮರುದಿನ ಯಾರದೆಂದು ತಿಳಿಯದ ಒಂದು ಸ್ಟೀಲ್ ಡಬ್ಬಿ ನಮ್ಮಲ್ಲಿ ಉಳಿದಿತ್ತು. ಅಮ್ಮ ಅದನ್ನು "ಸಸ್ಪೆನ್ಸ್ ಡಬ್ಬಿ" ಎಂದು ಕರೆದು ಅಟ್ಟದ ಮೇಲಿಟ್ಟರು. ತೆಂಗಿನಕಾಯಿ ಮಂಡಿ ನಡೆಸುತ್ತಿದ್ದ ಅಪ್ಪನಂತೂ ಚುನಾವಣೆಯಲ್ಲಿ ವೋಟು ಯಾರಿಗೆ ಎಂದು ಕೇಳಿದವರಿಗೂ ಸಸ್ಪೆನ್ಸ್ ಎಂದೇ ಉತ್ತರಿಸತೊಡಗಿದರು.

ಕೊನೆಯ ವರ್ಷದಲ್ಲಿ ಅರಕಲಗೂಡಿನಿಂದ ಒಂದು ಸಂಬಂಧ ಬಂತು. ಹುಡುಗನೂ ಬಿ.ಕಾಂ., ಹಾಸನದಲ್ಲಿ ಆಡಿಟರೊಬ್ಬರ ಕೈಕೆಳಗೆ ಕೆಲಸ. ಬಂದರು, ಕೇಸರಿಬಾತ್ ತಿಂದರು, ಒಪ್ಪಿದೆವು ಎಂದರು. ನನಗೋ ಎಂ.ಕಾಂ. ಓದುವ ಆಸೆ. ಮದುವೆಯಾದರೆ ಓದು ಅಲ್ಲಿಗೆ ಮುಗಿಯುತ್ತದೆ ಎಂಬ ಭಯ. ಬೇಡ ಎನ್ನೋಣವೆಂದರೆ ಹುಡುಗನಲ್ಲಿ ಹೇಳಿಕೊಳ್ಳುವಂಥ ದೋಷವೇ ಇಲ್ಲ, ಒಂದು ಹಲ್ಲು ಸ್ವಲ್ಪ ಸೊಟ್ಟ ಎನ್ನುವುದನ್ನು ಬಿಟ್ಟರೆ. ಹೀಗಾಗಿ ಅಪ್ಪ ಏನು ಹೇಳಲಿ ಎಂದು ಕೇಳಿದಾಗ "ಸಸ್ಪೆನ್ಸಿಗೆ ಹಾಕಪ್ಪ" ಎಂದುಬಿಟ್ಟೆ. ಅಪ್ಪ ಪ್ರಾಮಾಣಿಕರು. ಹುಡುಗನ ತಂದೆಗೆ ಫೋನು ಮಾಡಿ ಹಾಗೆಯೇ ಹೇಳಿದರು.

"ನಮ್ಮುಡ್ಗಿ ಸಸ್ಪೆನ್ಸಿಗಾಕವ್ಳೆ ಸಾ."

ಆ ಮನೆಯಲ್ಲಿ ಅಕೌಂಟ್ಸ್ ಬಲ್ಲವನೊಬ್ಬ ಇದ್ದಾನೆಂಬುದು ನಮಗೆ ಹೊಳೆಯಲೇ ಇಲ್ಲ. ಹಾಗೆಂದರೇನೋ ಎಂದು ಅವರು ಮಗನನ್ನು ಕೇಳಿದ್ದಾರೆ. ಎಲ್ಲೋ ತಪ್ಪಿದೆ, ಇನ್ನೂ ಸಿಕ್ಕಿಲ್ಲ ಎಂದು ಅರ್ಥ, ಎಂದು ಅವನು ವಿವರಿಸಿದ್ದಾನೆ. ಅಷ್ಟೇ, ಅರಕಲಗೂಡಿನಲ್ಲಿ ತಪ್ಪಿನ ಹುಡುಕಾಟ ಶುರುವಾಯಿತು. ಜಾತಕವನ್ನು ಮತ್ತೊಬ್ಬರ ಹತ್ತಿರ ಓದಿಸಿದರು. ವಾರದೊಳಗೆ ಹುಡುಗನೇ ನನಗೆ ಫೋನು ಮಾಡಿದ.

"ನಿಮ್ಮಿಂದಾಗಿ ನಮ್ಮಮ್ಮ ನನ್ನ ಹಲ್ಲಿಗೆ ತಂತಿ ಆಕ್ಸಕ್ಕೆ ಹೊರಟವ್ರೆ. ತಪ್ಪು ಯಾವ ಕಡೇದು ಅಂತ ಏಳ್ಬುಡಿ, ನಮ್ದಾ, ನಿಮ್ದಾ?"

ನಾನು ಎಂ.ಕಾಂ. ವಿಷಯ ಹೇಳಿದೆ.

"ನಿಮ್ಮಪ್ಪಂಗೆ ಏಳಿದೀರಾ?"

"ಇಲ್ಲ."

"ಒಂದೇ ಕಡೆ ಬರ್ಕೊಂಡಿದೀರ ಅಂದಂಗಾಯ್ತು. ಇನ್ನೆಂಗೆ ಟ್ಯಾಲಿ ಆದಾತು?"

ನನಗೆ ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿದ್ದರಿಂದ ಇನ್ನಷ್ಟು ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದೆ. ಅಪ್ಪ ಕಾಯಿಗೆ ಕಾಯಿ ತಟ್ಟಿ ಸದ್ದು ಕೇಳುತ್ತ ಕೂತಿದ್ದರು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಅಷ್ಟೇಯಾ? ಉಡ್ಗನ್ ಬಗ್ಗೆ ನೀನೇನಾರ ಕೆಟ್ಟ ಮಾತು ಕೇಳ್ದೇನೋ ಅಂತ ನಾನು ಊರೆಲ್ಲ ಇಚಾರುಸ್ತಾ ಕುಂತಿವ್ನಿ. ಓದ್ಬೇಕು ಅಂತ ಬಾಯ್ಬುಟ್ಟು ಏಳಕ್ಕೇನಾಗಿತ್ತು ಮಗಾ?"

ಏನಾಗಿತ್ತೋ ನನಗೂ ಗೊತ್ತಿರಲಿಲ್ಲ. ಇಷ್ಟು ದಿನ ಹೆದರಿದ್ದು ಇದಕ್ಕಾ ಎಂದು ಕಾಯಿಚೀಲದ ಮೇಲೆ ಕೂತು ಅತ್ತೆ. ಅಪ್ಪ ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟರು.

ಓದು ಮುಗಿಯುವವರೆಗೆ ಕಾಯುತ್ತೀರಾ ಎಂದು ಅಪ್ಪ ಅರಕಲಗೂಡಿನವರನ್ನು ಕೇಳಿದರು. ಹುಡುಗ ಕಾಯುತ್ತೇನೆ ಎಂದನಂತೆ. ಆದರೆ ಅವನ ಅಜ್ಜಿಗೆ ಮೊಮ್ಮಗನ ಮದುವೆ ಕಣ್ಣಾರೆ ನೋಡುವ ಅವಸರ. ನಾನು ಎಂ.ಕಾಂ. ಸೇರಿದೆ, ಅವನಿಗೆ ಚನ್ನರಾಯಪಟ್ಟಣದ ಹುಡುಗಿ ಗೊತ್ತಾಯಿತು. ಅರಕಲಗೂಡಿನವರು ದೊಡ್ಡ ಮನುಷ್ಯರು, ನಮ್ಮ ಮನೆಗೇ ಬಂದು ಕುಂಕುಮವಿಟ್ಟು ಮದುವೆಗೆ ಕರೆದರು. ನಾವೂ ಹೋದೆವು. ಹುಡುಗನ ಸೊಟ್ಟ ಹಲ್ಲು ಹಾಗೆಯೇ ಇತ್ತು. ನಕ್ಕಾಗ ಚೆನ್ನಾಗಿ ಕಾಣುತ್ತಿತ್ತು.

ಊಟದ ಪಂಕ್ತಿಯಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದರು. ಒಬ್ಬಟ್ಟು ಬಡಿಸಿದವರು ಆ ಕಡೆ ಹೋದಮೇಲೆ ಮೆಲ್ಲಗೆ ಕೇಳಿದರು.

"ಬೇಜಾರಾಯ್ತಾ ಮಗಾ?"

ಹಳೆಯ ಅಭ್ಯಾಸದಂತೆ ನಾಲಿಗೆಯ ತುದಿಗೆ "ನೋಡಾಣ" ಬಂದಿತ್ತು. ಅದನ್ನು ನುಂಗಿಕೊಂಡು, "ಹೂಂ ಕಣಪ್ಪ, ಸ್ವಲ್ಪ" ಎಂದೆ.

ಅಪ್ಪ ಇನ್ನೂ ಮುಟ್ಟದಿದ್ದ ತಮ್ಮ ಒಬ್ಬಟ್ಟನ್ನು ಎತ್ತಿ ನನ್ನ ಎಲೆಗೆ ಹಾಕಿದರು. ಅವರ ಎಲೆಯಿಂದ ಹೋಯಿತು, ನನ್ನ ಎಲೆಗೆ ಬಂತು. ಮೊದಲ ಪ್ರಯತ್ನಕ್ಕೇ ಟ್ಯಾಲಿಯಾಯಿತು.