ಬಿ.ಎ. ಹೋಟೆಲಿನವನಿಗೆ ಸಂತಾಪ ಸಭೆ

ಕೋಲಾರದ ನಮ್ಮ ಪದವೀಧರರ ಸಂಘದಲ್ಲಿ ವರ್ಷಕ್ಕೊಮ್ಮೆ ಒಂದು ಸಭೆ ನಡೆಯುತ್ತಿತ್ತು. ಆ ವರ್ಷ ತೀರಿಹೋದ ಪದವೀಧರರನ್ನು ನೆನೆಯುವುದು ಅದರ ಉದ್ದೇಶ. ನಾನು ಹೈಸ್ಕೂಲು ಮೇಷ್ಟರಾಗಿದ್ದುದರಿಂದ, ಸತ್ತವರ ಬಗ್ಗೆ ನಾಲ್ಕು ಮಾತು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯುದ್ಧದ ಕಾಲದಲ್ಲಿ ಒಂದು ವರ್ಷ ನನ್ನ ಸಹಪಾಠಿಯ ಬಗ್ಗೆಯೇ ಬರೆಯಬೇಕಾಯಿತು. ವಿಷಮಶೀತ ಜ್ವರ ಬಂದು ಹೋಗಿಬಿಟ್ಟಿದ್ದ.

ಅವನು ಮುಳಬಾಗಿಲಿನವನು, ನಾನು ಶ್ರೀನಿವಾಸಪುರದವನು. ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಬಿ.ಎ. ಮುಗಿಸಿದವರು. ಅವನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಸ್ವಲ್ಪ ದಿನಕ್ಕೇ ಅದನ್ನು ಬಿಟ್ಟು, ಮುಳಬಾಗಿಲಿನಲ್ಲೇ ಬಸ್ಸು ನಿಲ್ಲುವ ಕಡೆ ಕಾಫಿ ಹೋಟೆಲು ತೆರೆದ. ಬೋರ್ಡಿನಲ್ಲಿ ತನ್ನ ಹೆಸರಿನ ಪಕ್ಕ ‘ಬಿ.ಎ.’ ಎಂದೂ ಬರೆಸಿದ. ಅವರಪ್ಪ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

“ಎಂಜಲು ಲೋಟ ಎತ್ತೋದಕ್ಕೆ ಬಿ.ಎ. ಯಾಕೋ?” ಎಂದು ನಾನೂ ಕೇಳಿದ್ದೆ.

“ಕಚೇರೀಲಿ ಅಮಲ್ದಾರರ ಲೋಟಾನೂ ನಾನೇ ಎತ್ತಿಡ್ತಿದ್ದೆ ಕಣೋ. ಇಲ್ಲಿ ಲೋಟ ನಂದೇ” ಅಂದ.

ಹಳ್ಳಿಯವರು “ಬಿ.ಎ. ಸಾಮೀ, ಒಕ ಕಾಫಿ!” ಎಂದು ತೆಲುಗಿನಲ್ಲಿ ಕೂಗುತ್ತಿದ್ದರು. ತಮಗೆ ಬಂದ ಇಂಗ್ಲಿಷ್ ನೋಟೀಸುಗಳನ್ನು ಅವನಿಂದ ಓದಿಸಿಕೊಳ್ಳುತ್ತಿದ್ದರು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳವು. ಡ್ರೈವರು ಬೆಂಕಿ ಕೆದಕಿ ಬಸ್ಸನ್ನು ಎಬ್ಬಿಸುವಷ್ಟರಲ್ಲಿ ಪ್ರಯಾಣಿಕರು ದೋಸೆ ತಿಂದು ಕೈ ತೊಳೆದಿರುತ್ತಿದ್ದರು. ಸಂಘದ ಸದಸ್ಯರು ಮಾತ್ರ ಬಾಯಾರಿಕೊಂಡು ಬಸ್ಸಿನಲ್ಲೇ ಕೂತಿರುತ್ತಿದ್ದರು. ಪದವಿಯ ಮಾನ ಹೋಯಿತೆಂದು ಅವರ ಕೊರಗು.

ಸಭೆಗೆ ಮುಂಚೆ ಅಧ್ಯಕ್ಷರು ನಾನು ಬರೆದದ್ದನ್ನು ತರಿಸಿಕೊಂಡು ನೋಡಿದರು. ಅವರು ನಿವೃತ್ತ ಅಮಲ್ದಾರರು. ಗೆಳೆಯ ಎತ್ತಿಡುತ್ತಿದ್ದ ಲೋಟ ಅವರದೇ. ‘ಹೋಟೆಲು ನಡೆಸುತ್ತಿದ್ದರು’ ಎಂಬುದನ್ನು ಹೊಡೆದುಹಾಕಿ ‘ಸಾರ್ವಜನಿಕ ಸೇವೆಯಲ್ಲಿದ್ದರು’ ಎಂದು ತಿದ್ದಿದರು.

“ಸತ್ತವರ ಬಗ್ಗೆ ಕೇವಲವಾಗಿ ಬರೀಬಾರದು ಮೇಷ್ಟ್ರೇ.”

ಸಭೆಯಲ್ಲಿ ಅವರ ಭಾಷಣ ಸೊಗಸಾಗಿತ್ತು. ಸ್ವಾವಲಂಬನೆ, ಆದರ್ಶ, ಸರಳತೆ ಯಾವುದನ್ನೂ ಬಿಡಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಬೆಂಚಿನಲ್ಲಿ ತಮ್ಮನ ಜೊತೆ ಕೂತಿದ್ದ ಗೆಳೆಯನ ಹೆಂಡತಿ ಎದ್ದು ನಿಂತರು.

“ಸ್ವಾಮೀ, ಹೋಟೆಲು ಇನ್ಮೇಲೆ ನಾನೇ ನಡೆಸ್ತೀನಿ. ಬೋರ್ಡಲ್ಲಿ ಬಿ.ಎ. ಅಂತ ಇದೆಯಲ್ಲ, ಅದು ಇರಬಹುದಾ, ಅಳಿಸಬೇಕಾ?”

ಸಭೆಗೆ ಜೀವ ಬಂತು. ಪದವಿ ಆಸ್ತಿಯಲ್ಲ, ಹೆಂಡತಿಗೆ ಬರುವುದಿಲ್ಲ ಎಂದರು ಮಾಲೂರಿನ ವಕೀಲರು. ಹೆಸರು ಇರುವ ತನಕ ಪದವಿಯೂ ಇರಬೇಕು ಎಂದು ಇನ್ನೊಬ್ಬರು. ಹಾಗಾದರೆ ‘ದಿವಂಗತ’ ಎಂದು ಮುಂದೆ ಸೇರಿಸಲಿ ಎಂದು ಮತ್ತೊಬ್ಬರು. ಅಂಥ ಬೋರ್ಡು ನೋಡಿ ದೋಸೆ ತಿನ್ನಲು ಯಾರು ಬರುತ್ತಾರೆಂದು ಅವರು ಯೋಚಿಸಿದಂತಿರಲಿಲ್ಲ. ಸತ್ತವರಿಗೆಲ್ಲ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ಆ ಎರಡು ಅಕ್ಷರಕ್ಕೆ ಹಿಡಿಯಿತು. ಕೊನೆಗೆ ಅಧ್ಯಕ್ಷರು ಒಂದು ಉಪಸಮಿತಿ ನೇಮಿಸಿದರು.

“ನಿಮ್ಮಲ್ಲಿ ಯಾರಾದ್ರೂ ನಮ್ಮ ಹೋಟೆಲಿಗೆ ಬಂದಿದ್ದೀರಾ?” ಎಂದು ಆಕೆ ಕೇಳಿದರು.

ನಾನೊಬ್ಬನೇ ಕೈ ಎತ್ತಿದೆ.

“ನಿಮ್ಮನ್ನ ಕೇಳಲಿಲ್ಲಣ್ಣಾ” ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಉಪಸಮಿತಿ ಎಂದೂ ಸೇರಲಿಲ್ಲ. ಬೋರ್ಡು ಹಾಗೆಯೇ ಉಳಿಯಿತು. ಹಳ್ಳಿಯವರು ಆಕೆಯನ್ನು ‘ಬಿ.ಎ. ಅಮ್ಮ’ ಎಂದು ಕರೆಯತೊಡಗಿದರು, ನೋಟೀಸುಗಳನ್ನೂ ತರುತ್ತಲೇ ಇದ್ದರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಮೇಲೆ ನಾನು ಹೋಗಿ ಓದಿ ಹೇಳುತ್ತಿದ್ದೆ. ಗೆಳೆಯ ಇಲ್ಲದ ಹೋಟೆಲು ಮೊದಮೊದಲು ಬಿಕೋ ಎನ್ನುತ್ತಿತ್ತು. ಒಂದು ಸಲ ಮನಸ್ಸು ತಡೆಯದೆ, “ಅವನ ಕಾಲದ ಕಾಫಿಯ ರುಚಿಯೇ ಬೇರೆ ಇತ್ತಮ್ಮ” ಎಂದುಬಿಟ್ಟೆ.

“ಆವಾಗ್ಲೂ ಮಾಡ್ತಿದ್ದೋಳು ನಾನೇ ಅಲ್ವಾ ಅಣ್ಣಾ? ಈಗ ರೇಷನ್ನಲ್ಲಿ ಸಕ್ಕರೆ ಸಿಗ್ತಿಲ್ಲ, ಬೆಲ್ಲ ಹಾಕಿದ್ದೀನಿ” ಎಂದು ಹೇಳಿ ಆಕೆ ದೋಸೆ ತಿರುವಲು ಒಳಗೆ ಹೋದರು.